ಎಳೆಯ ಕ್ಯಾಚರ್‌ಗಳನ್ನು ರೂಪಿಸುವ ಬಗೆ: ಕಣ್ಣಿನಿಂದ ತೋಳಿನವರೆಗೆ

ಬೇಸ್‌ಬಾಲ್ ಮೈದಾನದಲ್ಲಿ ಚೆಂಡು ತಡೆಯಲು ನಿಲ್ಲುವ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಬ್ಯಾಟರ್ ನಿಲ್ಲುವ ಹೋಂ ಪ್ಲೇಟ್‌ನತ್ತ ಮುಖ ಮಾಡಿರುತ್ತಾರೆ. ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯಲು ಇರುವ ಕ್ಯಾಚರ್ ಮಾತ್ರ ಅವರೆಲ್ಲರಿಗೆ ಎದುರಾಗಿ, ಇಡೀ ಮೈದಾನವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂರಬೇಕು. ಬ್ಯಾಟರ್ ಬಾರಿಸದೆ ಬಿಟ್ಟ ಅಥವಾ ಬಾರಿಸಲಾಗದೆ ತಪ್ಪಿಸಿಕೊಂಡ ಪ್ರತಿಯೊಂದು ಎಸೆತವೂ ಅವನ ಮಿಟ್ಟಿಗೇ, ಅಂದರೆ ದಪ್ಪ ಕೈಗವಸಿಗೇ, ಬರುತ್ತದೆ. ಬೇಸ್‌ಗಳ ಮೇಲೆ ರನ್ನರ್‌ಗಳಿದ್ದರೆ ಕೈಜಾರಿದ ಒಂದೇ ಚೆಂಡು ಎದುರಾಳಿಗೆ ಒಂದು ರನ್ನನ್ನು ಕೊಟ್ಟುಬಿಡಬಹುದು.

ಇಷ್ಟು ಹೊಣೆ ಹೊರುವ ಈ ಸ್ಥಾನಕ್ಕೆ ಮಕ್ಕಳ ತಂಡಗಳಲ್ಲಿ ಸಿಗುವ ಪಾಠ ಮಾತ್ರ ಅತಿ ಕಡಿಮೆ. ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್‌ಗಳು ಅಭ್ಯಾಸ ಮಾಡುವಾಗ ಕ್ಯಾಚರ್ ಎದುರಿಗೆ ಕೂತು ಚೆಂಡು ಹಿಡಿದು ಹಿಂದಿರುಗಿಸುತ್ತಿರುತ್ತಾನೆ, ತರಬೇತುದಾರರ ಕಣ್ಣು ಪಿಚರ್‌ನ ಮೇಲೆ ನೆಟ್ಟಿರುತ್ತದೆ. ಅಭ್ಯಾಸ ಮುಗಿಯುವ ಹೊತ್ತಿಗೆ ಆ ಮಗು ನೂರು ಚೆಂಡು ಹಿಡಿದಿರುತ್ತದೆ. ಅದರ ಕೈ ಹೇಗಿತ್ತು, ಮೊಣಕಾಲು ಎಲ್ಲಿತ್ತು, ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಎಂದು ಯಾರೂ ನೋಡಿರುವುದಿಲ್ಲ. ಹೀಗೆ ತಿಂಗಳುಗಟ್ಟಲೆ ನಡೆದರೆ ತಪ್ಪೇ ಕೈಗೆ ಪಳಗಿಬಿಡುತ್ತದೆ.

ಇನ್ನು ಕ್ಯಾಚರ್‌ಗೆಂದೇ ಬೇರೆ ಸಮಯ ಕೊಡುವ ತರಬೇತುದಾರರಲ್ಲಿಯೂ ಹಲವರು ಪಾಠ ಶುರು ಮಾಡುವುದು ಎರಡನೇ ಬೇಸ್‌ಗೆ ಎಸೆಯುವುದರಿಂದ. ಅದು ನೋಡಲು ಚೆಂದ, ಸ್ಟಾಪ್‌ವಾಚ್ ಹಿಡಿದು ಅಳೆಯಲೂ ಬರುತ್ತದೆ. ಆದರೆ ಹಿಡಿಯದ ಚೆಂಡನ್ನು ಯಾರೂ ಎಸೆಯಲಾರರು. ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನ 12 ವರ್ಷದವರೆಗಿನ ಮುಖ್ಯ ವಿಭಾಗಗಳಲ್ಲಿ ಎಸೆತ ಬ್ಯಾಟರ್‌ನನ್ನು ತಲುಪುವ ಮುನ್ನ ರನ್ನರ್ ಬೇಸ್ ಬಿಡುವಂತೆಯೇ ಇಲ್ಲ. ಆ ವಯಸ್ಸಿನ ಆಟದಲ್ಲಿ, ಬ್ಯಾಟರ್ ಬಾರಿಸದಿದ್ದರೂ ರನ್ನರ್ ಮುಂದಿನ ಬೇಸ್‌ಗೆ ಓಡುವ ಬೇಸ್ ಕಳ್ಳತನಕ್ಕಿಂತ ಕ್ಯಾಚರ್‌ನನ್ನು ದಾಟಿ ಹಿಂದಿನ ಬೇಲಿಗೆ ಉರುಳುವ ಚೆಂಡುಗಳೇ ಹೆಚ್ಚು ಹಾನಿ ಮಾಡುತ್ತವೆ. ಆದ್ದರಿಂದ ಕಲಿಸುವ ಕ್ರಮ ಮೊದಲು ಕಣ್ಣು, ಆಮೇಲೆ ಕೂರುವ ಭಂಗಿ, ಕೈ, ಅನಂತರ ಮೈ, ಕಾಲು, ಕಟ್ಟಕಡೆಗೆ ತೋಳು ಎಂದಿರಬೇಕು. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಬರೆದಿದ್ದೇನೆ. ಸುಮಾರು 9ರಿಂದ 14 ವರ್ಷದ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಆಯ್ಕೆ ಮತ್ತು ಸಲಕರಣೆ

ದಪ್ಪಗಿರುವ, ನಿಧಾನವಾಗಿ ಓಡುವ ಮಗುವನ್ನು ಪ್ಲೇಟ್‌ನ ಹಿಂದೆ ಕೂರಿಸುವ ಹಳೆಯ ರೂಢಿಯನ್ನು ಬಿಟ್ಟುಬಿಡಿ. ತೋಳಿನ ಬಲವೊಂದನ್ನೇ ನೋಡುವುದೂ ಬೇಡ. ಚೆಂಡು ಹತ್ತಿರ ಬಂದಾಗ ಮುಖ ತಿರುಗಿಸದ, ಬರಿಗೈಯಲ್ಲಿ ಹಿಡಿದಾಗ ಸದ್ದು ಬರದಂತೆ ಹಿಡಿಯುವ, ತನ್ನ ಕಡೆಗೆ ಆಟ ಇಲ್ಲದಾಗಲೂ ಕಣ್ಣು ಆಟದಲ್ಲೇ ಇರುವ ಮಗುವನ್ನು ಹುಡುಕಿ. ಹತ್ತು ವರ್ಷದೊಳಗೆ ಯಾರನ್ನೂ ಒಂದೇ ಸ್ಥಾನಕ್ಕೆ ಕಟ್ಟಿಹಾಕಬೇಡಿ. ತಂಡದ ನಾಲ್ಕೈದು ಮಕ್ಕಳಿಗಾದರೂ ಈ ಪಾಠದ ಮೊದಲ ಹಂತಗಳು ಸಿಗಲಿ. ಬೇಕೆಂದು ತಾನಾಗಿ ಕೇಳಿಕೊಂಡು ಬರುವ ಮಗು ಇದ್ದರೆ ಅದಕ್ಕೇ ಮೊದಲ ಅವಕಾಶ, ಏಕೆಂದರೆ ಈ ಕೆಲಸದಲ್ಲಿ ಪೆಟ್ಟು ತಪ್ಪದು, ಮನಸ್ಸಿಲ್ಲದವರು ಪೆಟ್ಟು ತಿಂದು ಕಲಿಯುವುದಿಲ್ಲ.

ಸಲಕರಣೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಹೆಲ್ಮೆಟ್ ಮತ್ತು ಮಾಸ್ಕ್, ಮಾಸ್ಕ್‌ನ ಕೆಳಗೆ ಗಂಟಲಿನ ಗಾರ್ಡ್, ಎದೆಗವಚ, ಮೊಣಕಾಲಿನಿಂದ ಪಾದದವರೆಗೆ ಮುಚ್ಚುವ ಕಾಲುಗವಚ, ಹುಡುಗರಿಗೆ ಒಳಗವಚ ಇವಿಷ್ಟೂ ಅಭ್ಯಾಸದಲ್ಲಿಯೂ ಕಡ್ಡಾಯ. ಎದೆಗವಚದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೃದಯದ ನೇರಕ್ಕೆ, ಮಿಡಿತದ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಬೀಳುವ ಪೆಟ್ಟು ಮೂಳೆ ಮುರಿಯದಿದ್ದರೂ ಹೃದಯದ ಲಯವನ್ನೇ ಕೆಡಿಸಬಲ್ಲದು. ಎಳೆಯರ ಎದೆಗೂಡು ಮೆತ್ತಗಿರುವುದರಿಂದ ಅವರಿಗೆ ಈ ಅಪಾಯ ಹೆಚ್ಚು. ಅಮೆರಿಕದ ಕ್ರೀಡಾ ಸಲಕರಣೆಗಳ ಮಾನದಂಡ ಸಂಸ್ಥೆಯಾದ ಎನ್‌ಒಸಿಎಸ್‌ಎಇ ಇದಕ್ಕಾಗಿಯೇ ಮಾನದಂಡವೊಂದನ್ನು ರೂಪಿಸಿದೆ. ಕೊಳ್ಳುವಾಗ ಆ ಗುರುತು ಇದೆಯೇ ಎಂದು ನೋಡಿ, ಮಗು ಕುಕ್ಕರುಗಾಲಲ್ಲಿ ಕೂತಾಗ ಕವಚ ಮೇಲೆ ಸರಿಯದೆ ಎದೆಯ ಎಡಭಾಗವನ್ನು ಪೂರ್ತಿ ಮುಚ್ಚುತ್ತದೆಯೇ ಎಂದು ಪರೀಕ್ಷಿಸಿ. ಅಭ್ಯಾಸದ ಮೈದಾನದಲ್ಲಿ ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಲಯ ಮರಳಿಸುವ ಎಇಡಿ ಯಂತ್ರ ಎಲ್ಲಿದೆ ಎಂಬುದು ಪ್ರತಿಯೊಬ್ಬ ತರಬೇತುದಾರರಿಗೂ ತಿಳಿದಿರಬೇಕು.

ಕವಚ ತೊಡಲು ನಾಚುವ ಮಕ್ಕಳಿಗೆ ನಾನು ಈ ಸ್ಥಾನದ ಚರಿತ್ರೆಯನ್ನು ಹೇಳುವುದುಂಟು. ಹಾರ್ವರ್ಡ್‌ನ ಫ್ರೆಡ್ ಥೇಯರ್ ತನ್ನ ಮಾಸ್ಕ್‌ಗೆ ಪೇಟೆಂಟ್ ಪಡೆದದ್ದು 1878ರಲ್ಲಿ. ಮಾಸ್ಕ್ ಬರುವ ಮುಂಚೆ ಕ್ಯಾಚರ್‌ಗಳು ಬರಿ ಮುಖದಲ್ಲಿ ನಿಲ್ಲುತ್ತಿದ್ದರು. ರಾಜರ್ ಬ್ರೆಸ್ನಹನ್ 1907ರಲ್ಲಿ ಕಾಲುಗವಚ ತೊಟ್ಟು ಇಳಿದಾಗ ಗೇಲಿ ಮಾಡಿದವರಿದ್ದರು. ಇಂದು ಅದಿಲ್ಲದೆ ಯಾರೂ ಇಳಿಯುವುದಿಲ್ಲ.

ಮಿಟ್ಟಿನ ಅಳತೆಯಲ್ಲಿ ಪೋಷಕರು ಸಾಮಾನ್ಯವಾಗಿ ಎಡವುತ್ತಾರೆ. ಮುಂದೆ ಬೆಳೆಯುತ್ತದೆಯಲ್ಲ ಎಂದು ದೊಡ್ಡವರ ಮಿಟ್ ಕೊಡಿಸಿದರೆ ಮಗುವಿಗೆ ಅದನ್ನು ಮುಚ್ಚಲೂ ಆಗದು, ಮಣಿಕಟ್ಟಿನಿಂದ ತಿರುಗಿಸಲೂ ಆಗದು. ಸುತ್ತಳತೆ 30ರಿಂದ 32 ಇಂಚಿನ ಮಿಟ್ ಚಿಕ್ಕ ಮಕ್ಕಳಿಗೆ ಸಾಕು. ಹೊಸ ಮಿಟ್ ಚೆನ್ನಾಗಿ ಮೆತ್ತಗಾಗುವವರೆಗೆ ಪಂದ್ಯದಲ್ಲಿ ಬಳಸಬೇಡಿ.

ಮೊದಲ ಹಂತ: ಕಣ್ಣು ಮುಚ್ಚದಿರುವುದು

46 ಅಡಿ ದೂರದಿಂದ ಗಂಟೆಗೆ 60 ಮೈಲಿ ವೇಗದಲ್ಲಿ ಬರುವ ಚೆಂಡು ಸುಮಾರು ಅರ್ಧ ಸೆಕೆಂಡಿನಲ್ಲಿ ಮಿಟ್ಟಿಗೆ ಬಂದು ಬೀಳುತ್ತದೆ. ಅದರ ದಾರಿಗೆ ಅಡ್ಡವಾಗಿ ಬ್ಯಾಟ್ ಬೀಸಿ ಹೋಗುತ್ತದೆ. ಆ ಗಳಿಗೆಯಲ್ಲಿ ಕಣ್ಣು ಮುಚ್ಚುವುದು ದೇಹದ ಸಹಜ ಸ್ವಭಾವ. ಅದಕ್ಕಾಗಿ ಮಗುವನ್ನು ಹೆದರುಪುಕ್ಕಲು ಎಂದು ಕರೆಯುವವರಿಗೆ ಕಲಿಸುವ ಯೋಗ್ಯತೆಯಿಲ್ಲ ಎಂದೇ ನಾನು ತಿಳಿಯುತ್ತೇನೆ. ಕಣ್ಣನ್ನು ತೆರೆದಿಡುವುದು ಅಭ್ಯಾಸದಿಂದ ಬರುತ್ತದೆ, ಬೈಗುಳದಿಂದ ಬರುವುದಿಲ್ಲ.

ಮಗುವಿಗೆ ಪೂರ್ತಿ ಕವಚ ತೊಡಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಮಂಡಿಯೂರಿ ಕೂರಲು ಹೇಳಿ. ಹತ್ತಡಿ ದೂರದಿಂದ ಮೆತ್ತನೆಯ ಸ್ಪಂಜಿನ ಚೆಂಡನ್ನು ಮೆಲ್ಲಗೆ ಮಾಸ್ಕ್‌ನ ಮೇಲೆಯೂ ಎದೆಯ ಮೇಲೆಯೂ ಎಸೆಯಿರಿ. ಮಗು ಮಾಡಬೇಕಾದದ್ದು ಒಂದೇ: ಚೆಂಡು ಬಂದು ತಾಗುವವರೆಗೂ ಅದನ್ನು ನೋಡುತ್ತಿರುವುದು. ಮೊದಲ ದಿನ ಹತ್ತು ಚೆಂಡು ಸಾಕು. ಕವಚ ತನ್ನನ್ನು ಕಾಯುತ್ತದೆ ಎಂಬ ನಂಬಿಕೆ ಮೈಗೆ ಹತ್ತಬೇಕು. ಅದನ್ನು ಬಾಯಿಮಾತಿನಲ್ಲಿ ಹೇಳಿ ಹತ್ತಿಸಲಾಗದು. ಎರಡು ಮೂರು ದಿನಗಳ ನಂತರ ಟೆನಿಸ್ ಚೆಂಡುಗಳ ಮೇಲೆ ದೊಡ್ಡದಾಗಿ ಅಂಕಿಗಳನ್ನು ಬರೆದು, ಬರುವ ಚೆಂಡಿನ ಅಂಕಿಯನ್ನು ಓದಿ ಹೇಳಿ ಹಿಡಿಯಲು ಕೇಳಿ. ಓದುವ ಕೆಲಸ ಸಿಕ್ಕ ಕಣ್ಣಿಗೆ ಮುಚ್ಚಲು ಪುರುಸೊತ್ತಿರುವುದಿಲ್ಲ.

ಆಮೇಲೆ ಬ್ಯಾಟಿನ ಸರದಿ. ಇನ್ನೊಬ್ಬ ಹಿರಿಯರು ಬ್ಯಾಟರ್‌ನ ಜಾಗದಲ್ಲಿ ನಿಂತು, ಹಗುರವಾದ ಪ್ಲಾಸ್ಟಿಕ್ ಬ್ಯಾಟನ್ನು ಚೆಂಡಿಗೆ ತಾಗದಂತೆ ಮೇಲಿನಿಂದ ಬೀಸಲಿ. ಒಮ್ಮೆ ಬಹಳ ಚುರುಕಾದ ಹುಡುಗನೊಬ್ಬ ಅಭ್ಯಾಸದಲ್ಲಿ ಎಲ್ಲವನ್ನೂ ಹಿಡಿದು ಪಂದ್ಯದಲ್ಲಿ ಒಂದರ ಹಿಂದೊಂದು ಬಿಡುತ್ತಿದ್ದ. ಕಾರಣ ತಿಳಿಯಲು ನನಗೆ ಮೂರು ವಾರ ಬೇಕಾಯಿತು: ನಾನು ಅವನಿಗೆ ಒಮ್ಮೆಯೂ ಬೀಸುವ ಬ್ಯಾಟಿನ ಹಿಂದೆ ಕೂರಿಸಿ ಅಭ್ಯಾಸ ಕೊಟ್ಟಿರಲಿಲ್ಲ.

ಎರಡನೇ ಹಂತ: ಕೂರುವ ಭಂಗಿ

ಕ್ಯಾಚರ್‌ಗೆ ಕೂರುವ ಭಂಗಿಗಳು ಮೂರು. ಮೊದಲನೆಯದು ಪಿಚರ್‌ಗೆ ಸನ್ನೆ ಕೊಡುವ ಭಂಗಿ. ಪಾದಗಳು ಹತ್ತಿರ ಹತ್ತಿರ, ಬಲಮೊಣಕಾಲು ಪಿಚರ್‌ನ ನೇರಕ್ಕೆ, ಮಿಟ್ ಎಡಮೊಣಕಾಲಿನಿಂದ ಆಚೆಗೆ ಇಳಿಬಿದ್ದಿರುತ್ತದೆ. ಹೀಗೆ ಕೂತರೆ ತೊಡೆಗಳ ನಡುವೆ ತೋರಿಸುವ ಬೆರಳುಗಳು ಪಿಚರ್‌ಗೆ ಕಾಣುತ್ತವೆ, ಮೊದಲನೇ ಮತ್ತು ಮೂರನೇ ಬೇಸ್‌ಗಳ ಬಳಿ ನಿಂತ ಎದುರಾಳಿ ತರಬೇತುದಾರರಿಗೆ ಕಾಣುವುದಿಲ್ಲ. ಎರಡನೆಯದು ಬೇಸ್‌ಗಳು ಖಾಲಿ ಇದ್ದಾಗಿನ ಭಂಗಿ. ಇಲ್ಲಿ ಆರಾಮವೇ ಮುಖ್ಯ; ಎಸೆಯುವ ಕೈಯನ್ನು ಬೆನ್ನ ಹಿಂದೆ ಅಥವಾ ಹಿಮ್ಮಡಿಯ ಹಿಂದೆ ಅಡಗಿಸಿಡಬೇಕು, ಏಕೆಂದರೆ ಬ್ಯಾಟಿಗೆ ಸವರಿ ದಿಕ್ಕು ತಪ್ಪಿದ ಚೆಂಡು ಬೆರಳುಗಳನ್ನು ಮುರಿದುಬಿಡುತ್ತದೆ. ಮೂರನೆಯದು ರನ್ನರ್ ಬೇಸ್ ಮೇಲಿದ್ದಾಗಿನದು: ಪಾದಗಳು ಭುಜಕ್ಕಿಂತ ಅಗಲ, ಸೊಂಟ ಸ್ವಲ್ಪ ಮೇಲೆ, ಎಸೆಯುವ ಕೈಯನ್ನು ಹೆಬ್ಬೆರಳು ಒಳಗೆ ಮಡಚಿದ ಸಡಿಲ ಮುಷ್ಟಿಯಾಗಿಸಿ ಮಿಟ್ಟಿನ ಹಿಂದೆ ಇಟ್ಟಿರಬೇಕು.

ಈಗ ದೊಡ್ಡ ಲೀಗ್‌ಗಳಲ್ಲಿ ಹೆಚ್ಚಿನ ಕ್ಯಾಚರ್‌ಗಳು ಒಂದು ಮೊಣಕಾಲನ್ನು ನೆಲಕ್ಕೆ ಊರಿ ಕೂರುತ್ತಾರೆ. ಕೆಳಮಟ್ಟದ ಚೆಂಡುಗಳನ್ನು ಅಂಪೈರ್‌ಗೆ ಚೆನ್ನಾಗಿ ತೋರಿಸಲು ಅದು ಸಹಾಯಕ, ದೀರ್ಘ ಪಂದ್ಯದಲ್ಲಿ ಕಾಲುಗಳಿಗೂ ಬಿಡುವು. ಮಕ್ಕಳು ಟಿವಿಯಲ್ಲಿ ನೋಡಿ ಅದನ್ನೇ ಅನುಕರಿಸುತ್ತಾರೆ. ನಾನು ಇದಕ್ಕೆ ವಿರೋಧಿಯಲ್ಲ. ಆದರೆ ಎರಡೂ ಪಾದಗಳ ಮೇಲೆ ಸಮತೂಕದಲ್ಲಿ ಕೂತು ಎರಡೂ ಕಡೆಗೆ ಜರುಗಲು ಬಂದ ಮೇಲೆಯೇ ಒಂದು ಮಂಡಿಯ ಭಂಗಿಗೆ ಹೋಗಲಿ ಎನ್ನುತ್ತೇನೆ. ಮೊದಲೇ ಅದನ್ನು ಕಲಿತ ಮಗುವಿಗೆ ಮಂಡಿ ಊರುವುದೆಂದರೆ ವಿಶ್ರಾಂತಿ ಎನ್ನಿಸಿ, ಅಕ್ಕಪಕ್ಕದ ಚೆಂಡಿಗೆ ಕೈಯನ್ನಷ್ಟೇ ಚಾಚುವ ಚಾಳಿ ಬೀಳುತ್ತದೆ.

ಬ್ಯಾಟರ್‌ನಿಂದ ಎಷ್ಟು ದೂರ ಕೂರಬೇಕು ಎಂಬುದಕ್ಕೆ ಸರಳ ಅಳತೆಯಿದೆ. ಮಿಟ್ ಚಾಚಿದರೆ ಬ್ಯಾಟರ್‌ನ ಹಿಂದಿನ ಮೊಣಕಾಲನ್ನು ಇನ್ನೇನು ಮುಟ್ಟುತ್ತದೆ ಎನ್ನುವಷ್ಟು ಹತ್ತಿರ ಇರಲಿ. ಹೆದರುವ ಮಕ್ಕಳು ಹಿಂದೆ ಹಿಂದೆ ಸರಿಯುತ್ತಾರೆ. ಆಗ ಒಳ್ಳೆಯ ಎಸೆತಗಳೂ ಅವರನ್ನು ತಲುಪುವ ಮುಂಚೆ ನೆಲಕ್ಕೆ ಬೀಳುತ್ತವೆ. ತೀರ ಮುಂದೆ ಬಂದರೆ ಬೀಸುವ ಬ್ಯಾಟಿಗೆ ಮಿಟ್ ತಾಗಿ, ಕ್ಯಾಚರ್‌ನ ಅಡ್ಡಿಯೆಂದು ಅಂಪೈರ್ ಬ್ಯಾಟರ್‌ಗೆ ಮೊದಲನೇ ಬೇಸ್ ಕೊಡುತ್ತಾರೆ.

ಮೂರನೇ ಹಂತ: ಹಿಡಿಯುವ ಕೈ

ಹೋಂ ಪ್ಲೇಟ್‌ನ ಅಗಲ 17 ಇಂಚು. ಆ ಅಗಲದ ಅಂಚಿನ ಮೇಲೆ ಚೆಂಡಿನ ಒಂದು ಎಳೆ ಹಾದುಹೋದರೂ ಅದು ಸ್ಟ್ರೈಕ್, ಅಂದರೆ ಬ್ಯಾಟರ್‌ನ ವಿರುದ್ಧ ಎಣಿಕೆಯಾಗುವ ಎಸೆತ. ಅಂಚಿನ ಚೆಂಡನ್ನು ಹಿಡಿಯುವ ರಭಸಕ್ಕೆ ಮಿಟ್ ಹೊರಗೆ ಜಗ್ಗಿಹೋದರೆ ಅಂಪೈರ್‌ನ ಕಣ್ಣಿಗೆ ಅದು ಬಾಲ್‌ನಂತೆ, ಅಂದರೆ ಹೊರಗೆ ಹೋದ ಎಸೆತದಂತೆ, ಕಾಣುತ್ತದೆ. ಪಿಚರ್ ಕಷ್ಟಪಟ್ಟು ಗಳಿಸಿದ ಸ್ಟ್ರೈಕ್ ಕ್ಯಾಚರ್‌ನ ಕೈಯಲ್ಲಿ ಕಳೆದುಹೋಗುತ್ತದೆ. ಫ್ರೇಮಿಂಗ್ ಎಂದು ಕರೆಯುವ ಕಲೆಯ ಮೂಲ ಇಷ್ಟೇ: ಪಿಚರ್ ಎಸೆದ ಸ್ಟ್ರೈಕನ್ನು ಸ್ಟ್ರೈಕ್ ಆಗಿಯೇ ಉಳಿಸುವುದು. ಒಂದಡಿ ಹೊರಗಿದ್ದ ಚೆಂಡನ್ನು ಒಳಗೆ ಎಳೆದು ತೋರಿಸುವುದನ್ನು ಮಕ್ಕಳಿಗೆ ಕಲಿಸಲೇಬಾರದು. ಅಂಪೈರ್‌ಗಳು ಅದನ್ನು ಎರಡು ಸಲ ನೋಡಿದರೆ ಮುಂದೆ ನಿಜವಾದ ಅಂಚಿನ ಸ್ಟ್ರೈಕನ್ನೂ ನಂಬುವುದಿಲ್ಲ.

ಕಲಿಸುವಾಗ ಮೊದಲು ಮಿಟ್ ತೆಗೆದಿಡಿ. ಮಗು ಭಂಗಿಯಲ್ಲಿ ಕೂತು ಎಡಗೈಯಲ್ಲಿ, ಬರಿಗೈಯಲ್ಲೇ, 15 ಅಡಿಯಿಂದ ನೀವು ಎಸೆಯುವ ಟೆನಿಸ್ ಚೆಂಡುಗಳನ್ನು ಹಿಡಿಯಲಿ. ಬಿಗಿಯಾದ ಕೈಯಿಂದ ಟೆನಿಸ್ ಚೆಂಡು ಪುಟಿದು ಹೋಗುತ್ತದೆ, ಆದ್ದರಿಂದ ಕೈ ತಾನಾಗಿಯೇ ಮೆತ್ತಗಾಗುವುದನ್ನು ಕಲಿಯುತ್ತದೆ. ಮೊಣಕೈ ತೊಡೆಯ ಹೊರಗಿರಲಿ, ಎದೆಗೆ ಅಂಟಿಕೊಂಡಿರುವುದು ಬೇಡ. ಪಿಚರ್ ಕೈ ಎತ್ತುವಾಗ ಮಿಟ್ಟನ್ನು ಒಮ್ಮೆ ಸಡಿಲ ಬಿಟ್ಟು ನೆಲದತ್ತ ಇಳಿಸಿ, ಚೆಂಡು ಹೊರಟ ಮೇಲೆ ಕೆಳಗಿನಿಂದ ಮೇಲಕ್ಕೆ ತರುವುದನ್ನು ರೂಢಿ ಮಾಡಿಸಿ. ಮೇಲಿನಿಂದ ಕೆಳಗೆ ಹೋದ ಮಿಟ್ ಕೆಳಮಟ್ಟದ ಚೆಂಡನ್ನು ಇನ್ನೂ ಕೆಳಗೆ ತಳ್ಳುತ್ತದೆ. ಕೆಳಗಿನಿಂದ ಬಂದ ಮಿಟ್ ಅದೇ ಚೆಂಡನ್ನು ಮೊಣಕಾಲಿನ ಎತ್ತರದಲ್ಲಿ ಹಿಡಿದು ನಿಲ್ಲಿಸುತ್ತದೆ. ಹಿಡಿದ ಮೇಲೆ ಒಂದು ಕ್ಷಣ ಕದಲದೆ ಇರಲಿ. ತಲೆಯಂತೂ ಅಲುಗಲೇಬಾರದು, ಏಕೆಂದರೆ ಕ್ಯಾಚರ್‌ನ ತಲೆಯ ಮೇಲಿನಿಂದ ನೋಡುತ್ತಿರುವ ಅಂಪೈರ್‌ಗೆ ಮೊದಲು ಕಾಣುವುದು ಆ ಅಲುಗಾಟವೇ.

ದಿನಕ್ಕೆ 25 ಚೆಂಡುಗಳ ಎರಡು ಸುತ್ತು ಸಾಕು: ಒಂದು ಸುತ್ತು ಬರಿಗೈ, ಇನ್ನೊಂದು ಮಿಟ್. ಪಿಚರ್‌ಗಳ ಅಭ್ಯಾಸದ ವೇಳೆಯನ್ನು ಕ್ಯಾಚರ್‌ನ ಪಾಠವಾಗಿಯೂ ಬದಲಿಸಬಹುದು. ಮೊದಲ ಹತ್ತು ಎಸೆತಗಳಲ್ಲಿ ಮೊಣಕೈಯನ್ನಷ್ಟೇ ಗಮನಿಸಿ, ಮುಂದಿನ ಹತ್ತರಲ್ಲಿ ಮಿಟ್ ಕೆಳಗಿನಿಂದ ಬರುತ್ತಿದೆಯೇ ಎಂಬುದನ್ನಷ್ಟೇ ಗಮನಿಸಿ. ಒಂದು ಹೊತ್ತಿಗೆ ಒಂದೇ ವಿಷಯ ಹೇಳಿ. ಮೂರು ಸೂಚನೆ ಒಟ್ಟಿಗೆ ಕೇಳಿದ ಮಗು ಮೂರನ್ನೂ ಮರೆಯುತ್ತದೆ.

ನಾಲ್ಕನೇ ಹಂತ: ಮೈಯಿಂದ ತಡೆಯುವುದು

ನೆಲಕ್ಕೆ ಬಿದ್ದು ಪುಟಿಯುವ ಎಸೆತವೇ ಎಳೆಯ ಕ್ಯಾಚರ್‌ನ ನಿಜವಾದ ಪರೀಕ್ಷೆ, ಈ ಹಂತಕ್ಕೇ ಹೆಚ್ಚಿನ ತಾಳ್ಮೆ ಬೇಕು. ಮಗುವಿನ ಮನಸ್ಸು ಚೆಂಡನ್ನು ಹಿಡಿಯಬೇಕೆನ್ನುತ್ತದೆ, ಇಲ್ಲಿ ಹಿಡಿಯುವ ಆಸೆಯನ್ನೇ ಬಿಡಬೇಕು. ಮೈಯನ್ನು ಮೆತ್ತನೆಯ ಗೋಡೆಯಾಗಿಸಿ, ಚೆಂಡು ಎದೆಗೆ ತಾಗಿ ಮುಂದೆಯೇ ಸತ್ತು ಬೀಳುವಂತೆ ಮಾಡುವುದು ಗುರಿ. ಒಳ್ಳೆಯ ತಡೆಯೆಂದರೆ ಚೆಂಡು ಮಗುವಿನ ಮುಂದೆ ಮೂರಡಿಯೊಳಗೆ ಬಿದ್ದಿರುವುದು.

ಚಲನೆಯ ಕ್ರಮ ಹೀಗೆ. ಮೊದಲು ಮಿಟ್ ನೆಲ ಮುಟ್ಟಬೇಕು, ಎರಡು ಮೊಣಕಾಲುಗಳ ನಡುವಿನ ಕಂಡಿಯನ್ನು ಮುಚ್ಚುವಂತೆ. ಅದರ ಹಿಂದೆಯೇ ಮೊಣಕಾಲುಗಳು ಇಳಿಯಬೇಕು. ಎಸೆಯುವ ಕೈ ಮಿಟ್ಟಿನ ಹಿಂದೆ ಅಡಗಿರಲಿ. ಭುಜಗಳು ಮುಂದಕ್ಕೆ ಬಾಗಿ ಎದೆ ಒಳಸರಿದಿರಲಿ, ಗದ್ದ ಎದೆಗೆ ಒತ್ತಿರಲಿ. ಗದ್ದ ಮೇಲೆದ್ದರೆ ಗಂಟಲು ತೆರೆದುಕೊಳ್ಳುತ್ತದೆ, ಮುಖ ಪಕ್ಕಕ್ಕೆ ತಿರುಗಿದರೆ ಕವಚವಿಲ್ಲದ ಕಿವಿ, ಕತ್ತುಗಳಿಗೆ ಪೆಟ್ಟು ಬೀಳುತ್ತದೆ. ಮುಖ ತಿರುಗಿಸುವುದೇ ಹೆಚ್ಚು ನೋವಿನ ದಾರಿ ಎಂಬುದನ್ನು ಮಗುವಿಗೆ ಬಿಡಿಸಿ ಹೇಳಿ. ಚೆಂಡು ತಾಗುವ ಗಳಿಗೆಯಲ್ಲಿ ಉಸಿರು ಹೊರಬಿಟ್ಟರೆ ಮೈ ಸಡಿಲವಾಗಿ ಚೆಂಡಿನ ಪುಟಿತ ಕುಗ್ಗುತ್ತದೆ. ಉಸಿರು ಬಿಗಿಹಿಡಿದ ಎದೆ ಮರದ ಹಲಗೆಯಂತೆ ಚೆಂಡನ್ನು ದೂರ ಹಾರಿಸುತ್ತದೆ.

ಪಕ್ಕಕ್ಕೆ ಬೀಳುವ ಚೆಂಡಿಗೆ ನೇರ ಅಡ್ಡಲಾಗಿ ಜರುಗಿದರೆ ಸಾಲದು. ಬಲಕ್ಕೆ ಹೋಗುವಾಗ ಎಡಗಾಲಿನಿಂದ ನೆಲವನ್ನು ಒತ್ತಿ ತಳ್ಳಿ, ಬಲಮೊಣಕಾಲನ್ನು ಸ್ವಲ್ಪ ಮುಂದಕ್ಕೆ ತಂದು, ಎದೆ ಹೋಂ ಪ್ಲೇಟ್‌ನತ್ತ ತಿರುಗುವಂತೆ ಇಳಿಯಬೇಕು. ಆಗ ಎದೆಗೆ ತಾಗಿದ ಚೆಂಡು ಪ್ಲೇಟ್‌ನ ಕಡೆಗೇ ಮರಳುತ್ತದೆ. ಎಡಕ್ಕೆ ಇದೇ ಚಲನೆ ತಿರುವುಮುರುವು.

ಅಭ್ಯಾಸವನ್ನು ನಾಲ್ಕು ಮೆಟ್ಟಿಲಾಗಿ ಏರಿಸಿ. ಮೊದಲು ಚೆಂಡಿಲ್ಲದೆ, ನೀವು ಕೈಯಿಂದ ತೋರಿಸಿದ ದಿಕ್ಕಿಗೆ ಇಳಿದು ಒಂದು ಕ್ಷಣ ಹಾಗೆಯೇ ಇರಲಿ; ಆಗ ನೀವು ಸುತ್ತ ಹೋಗಿ ಕಂಡಿಗಳನ್ನು ನೋಡಿ ತಿದ್ದಬಹುದು. ಎರಡನೆಯದರಲ್ಲಿ ಮಗು ಮೊದಲೇ ಮಂಡಿಯೂರಿ ಕೂತಿರಲಿ, 15 ಅಡಿಯಿಂದ ಮೆತ್ತನೆಯ ಚೆಂಡನ್ನು ನೆಲಕ್ಕೆ ಪುಟಿಸಿ ಎಸೆಯಿರಿ. ಮೂರನೆಯದರಲ್ಲಿ ಭಂಗಿಯಿಂದ ಇಳಿಯಲಿ, ಚೆಂಡು ಇನ್ನೂ ಮೆತ್ತನೆಯದೇ ಇರಲಿ. ನಾಲ್ಕನೆಯದರಲ್ಲಿ ಯಾವ ಚೆಂಡು ನೆಲಕ್ಕೆ ಬೀಳುತ್ತದೆ, ಯಾವುದು ನೇರ ಬರುತ್ತದೆ ಎಂದು ಮುಂಚೆ ಹೇಳದೆ ಬೆರೆಸಿ ಎಸೆಯಿರಿ, ಹಿಡಿಯಬೇಕೋ ತಡೆಯಬೇಕೋ ಎಂಬುದನ್ನು ಮಗುವೇ ನಿರ್ಧರಿಸಲಿ. 142ರಿಂದ 149 ಗ್ರಾಂ ತೂಗುವ ಗಟ್ಟಿ ಚೆಂಡು ಕೊನೆಗೆ ಬರಲಿ. ಒಂದು ಅಭ್ಯಾಸಕ್ಕೆ 15 ತಡೆಗಳಿಗಿಂತ ಹೆಚ್ಚು ಬೇಡ. ದಣಿದ ಮಗು ಮೊಣಕಾಲಿನ ಮೇಲೆ ಧೊಪ್ಪನೆ ಬೀಳುತ್ತದೆ, ಗದ್ದ ಎತ್ತುತ್ತದೆ, ಕಲಿತದ್ದೆಲ್ಲ ಹಾಳಾಗುತ್ತದೆ.

ತಡೆದ ಕೂಡಲೇ ಕೆಲಸ ಮುಗಿಯುವುದಿಲ್ಲ. ಚೆಂಡು ಬಿದ್ದಲ್ಲಿಗೆ ಚಿಮ್ಮಿ ಎದ್ದು ಎರಡೂ ಕೈಗಳಿಂದ ಎತ್ತಿಕೊಳ್ಳುವುದನ್ನು ಪ್ರತಿ ಸಲವೂ ಮಾಡಿಸಿ. ಮೂರನೇ ಸ್ಟ್ರೈಕನ್ನು ಕ್ಯಾಚರ್ ನೇರವಾಗಿ ಹಿಡಿಯದಿದ್ದರೆ, ಮೊದಲನೇ ಬೇಸ್ ಖಾಲಿ ಇದ್ದಾಗ ಅಥವಾ ಎರಡು ಔಟ್ ಆಗಿದ್ದಾಗ, ಬ್ಯಾಟರ್ ಔಟಾಗುವ ಬದಲು ಮೊದಲನೇ ಬೇಸ್‌ಗೆ ಓಡಬಹುದು ಎಂಬ ನಿಯಮವನ್ನು ಇದೇ ಹಂತದಲ್ಲಿ ತಿಳಿಸಿ. ತೀರ ಕಿರಿಯರ ವಿಭಾಗಗಳಲ್ಲಿ ಈ ನಿಯಮ ಇಲ್ಲದಿರಬಹುದು, ನಿಮ್ಮ ಲೀಗ್‌ನ ಪುಸ್ತಕ ನೋಡಿಕೊಳ್ಳಿ.

ಐದನೇ ಹಂತ: ಕಾಲು ಮತ್ತು ತೋಳು

ದೊಡ್ಡವರ ಮೈದಾನದಲ್ಲಿ ಹೋಂ ಪ್ಲೇಟ್‌ನಿಂದ ಎರಡನೇ ಬೇಸ್‌ಗೆ 127 ಅಡಿಗೂ ಸ್ವಲ್ಪ ಹೆಚ್ಚು ದೂರ. ಬೇಸ್‌ಗಳ ನಡುವೆ 60 ಅಡಿ ಇರುವ ಮಕ್ಕಳ ಮೈದಾನದಲ್ಲಿ ಅದು ಸುಮಾರು 85 ಅಡಿ. ಚೆಂಡು ಕ್ಯಾಚರ್‌ನ ಮಿಟ್ಟಿಗೆ ಬಿದ್ದ ಗಳಿಗೆಯಿಂದ ಎರಡನೇ ಬೇಸ್‌ನ ಆಟಗಾರನ ಕೈ ಸೇರುವವರೆಗಿನ ಸಮಯಕ್ಕೆ ಪಾಪ್ ಟೈಮ್ ಎನ್ನುತ್ತಾರೆ. ಅಮೆರಿಕದ ವೃತ್ತಿಪರ ಮೇಜರ್ ಲೀಗ್‌ನಲ್ಲಿ ಅದು ಸರಾಸರಿ 2 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಈ ಅಂಕಿಯನ್ನು 11 ವರ್ಷದ ಮಗುವಿನ ಮುಂದೆ ಹಿಡಿಯಬೇಡಿ. ಸ್ಟಾಪ್‌ವಾಚ್ ಕಂಡ ಕೂಡಲೇ ಮಕ್ಕಳು ಹಿಡಿಯುವ ಮುಂಚೆಯೇ ಎದ್ದುಬಿಡುತ್ತಾರೆ.

ಸಮಯ ಉಳಿಯುವುದು ತೋಳಿನ ವೇಗಕ್ಕಿಂತ ಹೆಚ್ಚಾಗಿ ಕಾಲಿನಲ್ಲಿ ಮತ್ತು ಕೈಬದಲಾವಣೆಯಲ್ಲಿ. ಬಲಗೈ ಆಟಗಾರನಾದರೆ, ಚೆಂಡು ಮಿಟ್ಟಿಗೆ ಬೀಳುತ್ತಿರುವಂತೆಯೇ ಬಲಪಾದ ಮೈಯ ಕೆಳಗೆ ಒಂದು ಚಿಕ್ಕ ಹೆಜ್ಜೆ ಮುಂದಕ್ಕೆ ಬಂದು, ಒಳಪಾದ ಎರಡನೇ ಬೇಸ್‌ನತ್ತ ತಿರುಗಬೇಕು. ಅದರೊಡನೆ ಎಡಭುಜ ಗುರಿಯತ್ತ ತಿರುಗಿ, ಎಡಪಾದ ನೇರ ಗುರಿಗೆ ಇಳಿಯಬೇಕು. ಎತ್ತರಕ್ಕೆ ಎದ್ದು ನಿಲ್ಲುವುದು ಸಮಯ ಕಳೆಯುವ ದಾರಿ. ತಗ್ಗಿದ ಮೈಯಲ್ಲೇ ತಿರುಗುವುದನ್ನು ಕಲಿಸಿ. ಬರಿಗೈ ಚೆಂಡನ್ನು ಹುಡುಕಿಕೊಂಡು ಮುಂದೆ ಹೋಗಬಾರದು, ಮಿಟ್ಟೇ ಚೆಂಡನ್ನು ಬಲ ಎದೆಯ ಬಳಿಗೆ ತಂದುಕೊಡಬೇಕು. ಅಲ್ಲಿ ಬೆರಳುಗಳು ಹೊಲಿಗೆಗೆ ಅಡ್ಡಲಾಗಿ ಕೂರುವಂತೆ, ಅಂದರೆ ಫೋರ್ ಸೀಮ್ ಹಿಡಿತದಲ್ಲಿ, ಚೆಂಡನ್ನು ಹಿಡಿದರೆ ಎಸೆತ ನೇರ ಹೋಗುತ್ತದೆ. ಈ ಹಿಡಿತವನ್ನು ನೋಡದೆ ಹುಡುಕಲು ಬರಬೇಕು. ಮನೆಯಲ್ಲಿ ಸುಮ್ಮನೆ ಕೂತಿರುವಾಗ ಚೆಂಡನ್ನು ಮಿಟ್ಟಿಗೆ ಹಾಕಿ ತೆಗೆಯುತ್ತ ಬೆರಳಿಗೆ ಹೊಲಿಗೆಯ ಗುರುತು ಹತ್ತಿಸಿಕೊಳ್ಳುವುದು ನನಗೆ ಗೊತ್ತಿರುವ ಅತ್ಯಂತ ಅಗ್ಗದ, ಅತ್ಯಂತ ಫಲಕಾರಿ ಅಭ್ಯಾಸ.

ಗುರಿ ಎರಡನೇ ಬೇಸ್‌ನ ಮೇಲೆ, ಆಟಗಾರನ ಮೊಣಕಾಲಿನ ಎತ್ತರ. ಮಗುವಿನ ತೋಳಿಗೆ ಅಷ್ಟು ಬಲವಿಲ್ಲದಿದ್ದರೆ ಒಂದು ಪುಟಿತದಲ್ಲಿ ತಲುಪುವ ನೇರ ಎಸೆತವೇ ಒಳ್ಳೆಯದು. ಗಾಳಿಯಲ್ಲಿ ಎತ್ತರಕ್ಕೆ ಹಾರಿಸಿದ ಚೆಂಡು ತಲೆಯ ಮೇಲೆ ಹಾದು ಹೊರಮೈದಾನಕ್ಕೆ ಹೋಗುತ್ತದೆ. ಮಂಡಿಯ ಮೇಲಿಂದಲೇ ಎಸೆಯುವುದನ್ನು ಈ ವಯಸ್ಸಿನಲ್ಲಿ ಬಿಡಬೇಡಿ, ಪೂರ್ತಿ ಭಾರ ಭುಜ ಮತ್ತು ಮೊಣಕೈಯ ಮೇಲೆ ಬೀಳುತ್ತದೆ. ಪೂರ್ಣ ದೂರದ ಎಸೆತಗಳು ಒಂದು ಅಭ್ಯಾಸಕ್ಕೆ 15ಕ್ಕೆ ನಿಲ್ಲಲಿ, ಉಳಿದದ್ದು ಅರ್ಧ ದೂರದಲ್ಲಿ ಕಾಲಿನ ಅಭ್ಯಾಸವಾಗಲಿ.

ಪ್ಲೇಟ್‌ನ ಸುತ್ತಲಿನ ಕೆಲಸಗಳು

ಬಂಟ್ ಆದ, ಅಂದರೆ ಬ್ಯಾಟ್ ಬೀಸದೆ ಮೆಲ್ಲಗೆ ತಾಗಿಸಿ ಹತ್ತಿರದಲ್ಲೇ ಉರುಳಿಬಿಟ್ಟ, ಚೆಂಡಿಗೆ ಓಡುವಾಗ ಅದರ ಬಳಸಿನಿಂದ ಹೋಗಿ, ಎದೆ ಎಸೆಯುವ ದಿಕ್ಕಿಗೆ ತಿರುಗಿರುವಂತೆ ಮಿಟ್ ಮತ್ತು ಕೈ ಎರಡರಿಂದಲೂ ಬಾಚಿ ಎತ್ತಿಕೊಳ್ಳಬೇಕು. ಪ್ಲೇಟ್‌ನ ಹಿಂದೆ ಎತ್ತರಕ್ಕೆ ಹಾರಿದ ಚೆಂಡು ಹಿಮ್ಮುಖ ತಿರುಗಣೆಯಿಂದಾಗಿ ಇಳಿಯುವಾಗ ಒಳಮೈದಾನದ ಕಡೆಗೆ ಬಾಗಿ ಬರುತ್ತದೆ. ಆದ್ದರಿಂದ ಕ್ಯಾಚರ್ ಮೈದಾನಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಮಾಸ್ಕ್ ತೆಗೆದು ಕೈಯಲ್ಲೇ ಹಿಡಿದಿದ್ದು, ಚೆಂಡು ಎಲ್ಲಿದೆಯೆಂದು ಕಂಡ ಮೇಲೆ ಅದರ ವಿರುದ್ಧ ದಿಕ್ಕಿಗೆ ಎಸೆಯಬೇಕು. ಮೊದಲೇ ಎಸೆದ ಮಾಸ್ಕ್ ಮೇಲೆಯೇ ಕಾಲಿಟ್ಟು ಬೀಳುವ ಮಕ್ಕಳು ಬಹಳ.

ಓಡಿಬರುವ ರನ್ನರ್‌ನನ್ನು ಹೋಂ ಪ್ಲೇಟ್‌ನಲ್ಲಿ ಔಟ್ ಮಾಡುವುದನ್ನು ಎಚ್ಚರದಿಂದ ಕಲಿಸಬೇಕು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಕ್ಯಾಚರ್ ಬಸ್ಟರ್ ಪೋಸಿ ಪ್ಲೇಟ್‌ನ ಬಳಿ ನಡೆದ ಡಿಕ್ಕಿಯಲ್ಲಿ ಕಾಲು ಮುರಿದುಕೊಂಡು ಆ ಋತುವಿನ ಉಳಿದ ಆಟವನ್ನೆಲ್ಲ ಕಳೆದುಕೊಂಡರು. 2014ರಿಂದ ಮೇಜರ್ ಲೀಗ್‌ನಲ್ಲಿ ಚೆಂಡು ಕೈಯಲ್ಲಿಲ್ಲದ ಕ್ಯಾಚರ್ ರನ್ನರ್‌ನ ದಾರಿಗೆ ಅಡ್ಡ ನಿಲ್ಲುವಂತಿಲ್ಲ, ರನ್ನರ್ ಕೂಡ ಬೇಕೆಂದೇ ದಾರಿ ಬಿಟ್ಟು ಕ್ಯಾಚರ್‌ಗೆ ಗುದ್ದುವಂತಿಲ್ಲ. ಮಕ್ಕಳಿಗೆ ಪ್ಲೇಟ್‌ನ ಮುಂದೆ, ಮೂರನೇ ಬೇಸ್‌ನ ಗೆರೆಯಿಂದ ಒಳಗೆ ನಿಲ್ಲಲು ಹೇಳಿ. ಚೆಂಡು ಹಿಡಿದ ಮೇಲೆಯೇ ತಿರುಗಿ, ಎರಡೂ ಕೈಗಳಿಂದ ಚೆಂಡನ್ನು ಭದ್ರಪಡಿಸಿಕೊಂಡು ಮುಟ್ಟಲಿ. ಒಂದು ರನ್ ಹೋದರೆ ಹೋಗಲಿ, ಎಳೆಯ ಮೂಳೆ ಮುರಿಯಬಾರದು.

ಮಾತು ಮತ್ತು ಮನಸ್ಸು

ಸನ್ನೆಗಳನ್ನು ಸರಳವಾಗಿಡಿ. ಒಂದು ಬೆರಳು ಫಾಸ್ಟ್‌ಬಾಲ್, ಎರಡು ಬೆರಳು ನಿಧಾನದ ಎಸೆತ. ಈ ವಯಸ್ಸಿಗೆ ಇಷ್ಟು ಸಾಕು. ಎಸೆತವನ್ನು ಆರಿಸುವ ಕೆಲಸವನ್ನು ಪೂರ್ತಿಯಾಗಿ ತರಬೇತುದಾರರೇ ಬೆಂಚಿನಿಂದ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಚರ್‌ಗೆ ಒಂದೆರಡು ಇನಿಂಗ್ಸ್‌ಗಳನ್ನಾದರೂ ಬಿಟ್ಟುಕೊಡಿ, ತಪ್ಪಿದರೂ ನಂತರ ಕಾರಣ ಕೇಳಿ. ಬ್ಯಾಟರ್ ಪ್ಲೇಟ್‌ನಿಂದ ಎಷ್ಟು ದೂರ ನಿಂತಿದ್ದ, ಹಿಂದಿನ ಎಸೆತಕ್ಕೆ ತಡವಾಗಿ ಬೀಸಿದನೇ ಎಂಬುದನ್ನು ನೋಡುವ ಕಣ್ಣು ಹೀಗೆಯೇ ಬೆಳೆಯುತ್ತದೆ.

ಔಟ್‌ಗಳ ಸಂಖ್ಯೆಯನ್ನು ಪ್ರತಿ ಬ್ಯಾಟರ್‌ಗೂ ಮುಂಚೆ ಕೂಗಿ ಹೇಳುವುದು ಕ್ಯಾಚರ್‌ನ ಕೆಲಸ. ನಾಚಿಕೆ ಸ್ವಭಾವದ ಮಗುವಿಗೆ ಈ ಒಂದು ವಾಕ್ಯದಿಂದಲೇ ಶುರು ಮಾಡಿಸಿ. ಪಿಚರ್ ಸತತವಾಗಿ ಬಾಲ್ ಎಸೆಯುತ್ತಿದ್ದರೆ ಸಮಯ ಕೇಳಿಕೊಂಡು ಹೋಗಿ ಒಂದು ಮಾತಾಡಿ ಬರಲಿ. ಅಲ್ಲಿ ತಂತ್ರ ಹೇಳಬೇಕಾಗಿಲ್ಲ, ಪಿಚರ್ ಉಸಿರು ತಿರುಗಿಸಿಕೊಳ್ಳಲು ಸಮಯ ಸಿಕ್ಕರೆ ಸಾಕು. ಅಂಪೈರ್‌ನ ತೀರ್ಪಿಗೆ ತಲೆ ಹಿಂದೆ ತಿರುಗಿಸಿ ಪ್ರಶ್ನಿಸುವುದು ಬೇಡ. ಕೇಳುವುದಿದ್ದರೆ ಮುಂದೆ ನೋಡುತ್ತಲೇ, ಮೆಲ್ಲಗೆ, ವಿನಯದಿಂದ ಕೇಳಲಿ.

ದೇಹದ ಭಾರ ಮತ್ತು ವಾರದ ಕ್ರಮ

ಕ್ಯಾಚರ್ ಒಂದು ಪಂದ್ಯದಲ್ಲಿ ಪಿಚರ್‌ಗೆ ಚೆಂಡು ಹಿಂದಿರುಗಿಸುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ ಅವನ ತೋಳು ಪಿಚರ್‌ನ ತೋಳಿನಷ್ಟೇ ಬಾರಿ ಎಸೆದಿರುತ್ತದೆ. ಇದನ್ನು ಗಮನಿಸಿಯೇ ಲಿಟಲ್ ಲೀಗ್ ನಿಯಮ ಮಾಡಿದೆ: ಒಂದು ಪಂದ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಇನಿಂಗ್ಸ್ ಕ್ಯಾಚರ್ ಆಗಿದ್ದ ಮಗು ಆ ದಿನ ಪಿಚ್ ಮಾಡುವಂತಿಲ್ಲ, 41 ಅಥವಾ ಹೆಚ್ಚು ಎಸೆತ ಎಸೆದ ಪಿಚರ್ ಆ ದಿನ ಕ್ಯಾಚರ್ ಆಗುವಂತಿಲ್ಲ. ನಿಮ್ಮ ಲೀಗ್‌ನಲ್ಲಿ ಇಂಥ ನಿಯಮ ಇಲ್ಲದಿದ್ದರೆ ನೀವೇ ಪಾಲಿಸಿ. ತಂಡದ ಒಳ್ಳೆಯ ಪಿಚರ್‌ನೇ ಒಳ್ಳೆಯ ಕ್ಯಾಚರ್ ಕೂಡ ಆಗಿರುವುದು ಸಾಮಾನ್ಯ, ಆ ಮಗುವಿನ ಮೊಣಕೈಯೇ ಮೊದಲು ನೋಯುವುದು.

ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಬರುವ ಓಸ್‌ಗುಡ್ ಶ್ಲಾಟರ್ ಮತ್ತು ಹಿಮ್ಮಡಿಯಲ್ಲಿ ನೋವು ಬರುವ ಸೀವರ್ಸ್ ತೊಂದರೆಗಳು ಕುಕ್ಕರುಗಾಲಲ್ಲಿ ಕೂರುವ, ಮೊಣಕಾಲಿನ ಮೇಲೆ ಬೀಳುವ ಮಕ್ಕಳನ್ನು ಕಾಡಬಹುದು. ನೋವೆಂದ ಮಗುವಿಗೆ ಸಹಿಸಿಕೋ ಎನ್ನಬೇಡಿ. ಬೇರೆ ಸ್ಥಾನದಲ್ಲಿ ಆಡಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಬಿಸಿಲಿನಲ್ಲಿ ಕವಚದೊಳಗಿನ ಮೈ ಉಳಿದವರಿಗಿಂತ ಬೇಗ ಕಾಯುತ್ತದೆ, ಪ್ರತಿ ಇನಿಂಗ್ಸ್ ಮುಗಿದಾಗಲೂ ನೀರು ಕುಡಿಯಲಿ.

ವಾರಕ್ಕೆ ಮೂರು ದಿನ, ತಲಾ 25 ನಿಮಿಷ, ಕ್ಯಾಚರ್‌ಗಳಿಗೆಂದೇ ಬೇರೆ ಇಡಿ. ಹಿಡಿಯುವ ಅಭ್ಯಾಸ ಮೂರು ದಿನವೂ ಹತ್ತು ನಿಮಿಷ ಇರಲಿ. ಉಳಿದ ಸಮಯ ಒಂದು ದಿನ ತಡೆಯುವುದಕ್ಕೆ, ಒಂದು ದಿನ ಕಾಲು ಮತ್ತು ಎಸೆತಕ್ಕೆ, ಒಂದು ದಿನ ಬಂಟ್, ಎತ್ತರದ ಚೆಂಡು, ಪ್ಲೇಟ್‌ನ ಬಳಿಯ ಕೆಲಸಗಳಿಗೆ. ಪಂದ್ಯದ ಮುನ್ನಾದಿನ ತಡೆಯುವ ಅಭ್ಯಾಸ ಬೇಡ.

ಪಂದ್ಯದಲ್ಲಿ ಒಬ್ಬ ಹಿರಿಯರು ಕ್ಯಾಚರ್‌ನ ಲೆಕ್ಕವನ್ನು ಬೇರೆಯಾಗಿ ಬರೆದುಕೊಳ್ಳಲಿ: ನೆಲಕ್ಕೆ ಬಿದ್ದ ಎಸೆತಗಳು ಎಷ್ಟು, ಅದರಲ್ಲಿ ತಡೆದದ್ದು ಎಷ್ಟು, ದಾಟಿಹೋದವು ಯಾವ ಕಡೆಗೆ. ಸಾಮಾನ್ಯ ಸ್ಕೋರ್ ಹಾಳೆಯಲ್ಲಿ ಕ್ಯಾಚರ್ ಬಿಟ್ಟ ಚೆಂಡು ದಾಖಲಾಗುತ್ತದೆ, ತಡೆದ ಹತ್ತು ಚೆಂಡುಗಳು ಎಲ್ಲಿಯೂ ಬರುವುದಿಲ್ಲ. ಈ ಹಾಳೆ ಮಗುವಿಗೆ ತನ್ನ ದುಡಿಮೆಯನ್ನು ಕಣ್ಣಾರೆ ತೋರಿಸುತ್ತದೆ. ಪಂದ್ಯದ ಮರುದಿನ ಐದು ನಿಮಿಷ ಅದನ್ನು ಮಗುವಿನೊಡನೆ ಕೂತು ಓದಿ, ನೀವು ಮಾತಾಡುವ ಮುಂಚೆ ಅದಕ್ಕೆ ಏನನ್ನಿಸಿತೆಂದು ಕೇಳಿ. ದಾಟಿಹೋದ ಚೆಂಡುಗಳಲ್ಲಿ ಹೆಚ್ಚಿನವು ಎಡಗಡೆಗೆ ಹೋಗಿದ್ದರೆ, ಮುಂದಿನ ತಡೆಯುವ ಅಭ್ಯಾಸದ 15 ಚೆಂಡುಗಳಲ್ಲಿ ಹತ್ತು ಎಡಗಡೆಗೇ ಬೀಳಲಿ.